ಮಂಜು ಮುಸುಕಿದ ಕಡಲ ದಾರಿ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ನಡುಕಣಿವೆಯಲ್ಲಿ ಸ್ಯಾಕ್ರಮೆಂಟೊ ಎಂಬ ನಗರವಿದೆ. ಅಲ್ಲಿ ನನ್ನ ಮಗಳ ಸಂಸಾರ ನೆಲೆಸಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಮತ್ತು ನಾನು, ಹೀಗೆ ಐದು ಜನ, ಡೇರೆ, ಹಾಸಿಗೆ, ಒಲೆ, ಅಕ್ಕಿ ಬೇಳೆಗಳನ್ನು ಕಾರಿಗೆ ಹೇರಿಕೊಂಡು, ಶಾಂತಸಾಗರದ ತೀರವನ್ನು ಹಿಡಿದು ಉತ್ತರದ ಕಡೆಗೆ ಪ್ರಯಾಣ ಹೊರಟೆವು. ಹಿಂದಿನ ದಿನ ಊರಿನಲ್ಲಿ ಉಷ್ಣತೆ 39 ಡಿಗ್ರಿ ಸೆಂಟಿಗ್ರೇಡಿಗೆ ಏರಿತ್ತು. ಕಡಲಿನಲ್ಲಿ ಈಜುವ ಆಸೆಯಿಂದ ಮಕ್ಕಳು ಅದಕ್ಕೆ ತಕ್ಕ ತೆಳು ಉಡುಪನ್ನು ಮನೆಯಲ್ಲಿಯೇ ತೊಟ್ಟು ಕುಳಿತಿದ್ದರು. ಎರಡು ಗಂಟೆಗಳ ತರುವಾಯ ಸ್ಯಾನ್‌ಫ್ರಾನ್ಸಿಸ್ಕೊ ನಗರವನ್ನು ದಾಟಿ ಪ್ರಸಿದ್ಧವಾದ ಗೋಲ್ಡನ್ ಗೇಟ್ ಸೇತುವೆಯನ್ನು ಮುಟ್ಟಿದಾಗ ಕಾರಿನಲ್ಲಿದ್ದ ಉಷ್ಣಮಾಪಕವು 13 ಡಿಗ್ರಿಯನ್ನು ತೋರಿಸುತ್ತಿತ್ತು. ಸೇತುವೆಯ ಗೋಪುರಗಳ ಎತ್ತರ 227 ಮೀಟರು. ನಮಗೆ ಕಂಡದ್ದು ಅವುಗಳ ಬುಡ ಮಾತ್ರ. ಕೆಳಗೆಲ್ಲಿಂದಲೋ ಹಡಗುಗಳಿಗೆ ಎಚ್ಚರಿಕೆ ಕೊಡುವ ಮಂಜುಗೊಂಬು ಗಂಭೀರವಾಗಿ ಮೊಳಗುತ್ತಿತ್ತು. ಹಿಂದಿನ ಆಸನದಿಂದ ಮೊಮ್ಮಗನ ನಡುಗುವ ದನಿ ಕೇಳಿಬಂದಿತು: “ತಾತ, ನಾವು ದಾರಿ ತಪ್ಪಿ ಡಿಸೆಂಬರಿಗೆ ಬಂದುಬಿಟ್ಟೆವೇ?”

ಪ್ರಶ್ನೆ ವಿನೋದದ್ದಾದರೂ ಉತ್ತರ ಸುಲಭವಾದುದಲ್ಲ. ಕೇವಲ ನೂರನಲವತ್ತು ಕಿಲೋಮೀಟರುಗಳ ಅಂತರದಲ್ಲಿ, ಒಂದೇ ಋತುವಿನಲ್ಲಿ, ಒಂದೆಡೆ ನೆಲ ಕಾದ ಹೆಂಚಿನಂತಿರುವುದು, ಮತ್ತೊಂದೆಡೆ ಜನರು ಉಣ್ಣೆಯ ಅಂಗಿ ತೊಟ್ಟು ತಿರುಗುವುದು ಏತರಿಂದ?

ಕನ್ನಡ ನಾಡಿನವರಿಗೆ ಮಂಜು ಅಪರಿಚಿತವೇನಲ್ಲ. ಮಡಿಕೇರಿ, ಆಗುಂಬೆಗಳಲ್ಲಿ ಮಳೆಗಾಲದಲ್ಲಿ ನಮ್ಮನ್ನು ಕವಿಯುವುದು ನಿಜವಾಗಿ ಮೋಡವೇ. ಕಡಲಿನಿಂದ ಬಂದ ಗಾಳಿ ಘಟ್ಟವನ್ನು ಏರುವಾಗ ಹಿಗ್ಗಿ ತಣ್ಣಗಾಗುತ್ತದೆ, ಅದರಲ್ಲಿಯ ನೀರಾವಿ ಹನಿಗಟ್ಟುತ್ತದೆ. ಬೆಂಗಳೂರಿನ ಚಳಿಗಾಲದ ಮುಂಜಾನೆಗಳಲ್ಲಿ ವಿಮಾನಗಳನ್ನು ತಡೆಯುವ ಮಂಜು ಬೇರೆಯ ಬಗೆಯದು. ನಿರ್ಮಲವಾದ ಆಕಾಶದ ಕೆಳಗೆ ನೆಲವು ರಾತ್ರಿಯೆಲ್ಲ ತನ್ನ ಶಾಖವನ್ನು ವಿಕಿರಣದ ರೂಪದಲ್ಲಿ ಕಳೆದುಕೊಂಡು, ತನ್ನನ್ನು ಸೋಂಕಿದ ಗಾಳಿಯನ್ನು ತಂಪುಗೊಳಿಸುವುದರಿಂದ ಅದು ಹುಟ್ಟುತ್ತದೆ. ಕ್ಯಾಲಿಫೋರ್ನಿಯದ ಕಡಲ ಮಂಜು ಈ ಎರಡೂ ಅಲ್ಲ. ಬೆಚ್ಚಗಿನ ತೇವದ ಗಾಳಿ ತಣ್ಣನೆಯ ನೀರಿನ ಮೇಲೆ ಹಾಯ್ದು ಬರುವುದರಿಂದ ಆಗುವ ಮಂಜು ಅದು. ‘ಸಾಗಿಬಂದ ಮಂಜು’ ಎಂದು ಅದನ್ನು ಕರೆಯಬಹುದು.

ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಗಾಳಿಯು ಎಷ್ಟು ನೀರಾವಿಯನ್ನು ಹೊರಬಲ್ಲುದೆಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲುದು. 15 ಡಿಗ್ರಿಯಲ್ಲಿ 12.8 ಗ್ರಾಂ, 12 ಡಿಗ್ರಿಯಲ್ಲಿ 10.7 ಗ್ರಾಂ ಮಾತ್ರ. ದೂರದ ಕಡಲಿನಿಂದ 15 ಡಿಗ್ರಿಯ ಗಾಳಿ, ಘನ ಮೀಟರಿಗೆ 11 ಗ್ರಾಂ ಆವಿಯನ್ನು ಹೊತ್ತು ಬರುತ್ತಿದೆಯೆನ್ನೋಣ. ದಡದ ಹತ್ತಿರ ಅದು 12 ಡಿಗ್ರಿಗೆ ಇಳಿಯಿತೆಂದರೆ 0.3 ಗ್ರಾಂ ನೀರು ಹೆಚ್ಚಾಯಿತು. ಹೆಚ್ಚಾದ ನೀರು ಹನಿಯಾಗಲು ಒಂದು ಆಸರೆ ಬೇಕು. ಗಾಳಿಯಲ್ಲಿ ತೇಲುವ ಧೂಳಿನ ಕಣಗಳೇ ಆ ಆಸರೆಯೆಂಬುದನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಪ್ರಯೋಗಗಳಿಂದ ತೋರಿಸಿಕೊಟ್ಟನು. ಕಡಲ ಮೇಲೆ ಅಲೆಗಳ ನೊರೆ ಸಿಡಿದು ಒಣಗಿದಾಗ ಉಳಿಯುವ ಉಪ್ಪಿನ ಕಣಗಳು ಈ ಕೆಲಸವನ್ನು ಬಹಳ ಚೆನ್ನಾಗಿ ನಿರ್ವಹಿಸುತ್ತವೆ.

ಘನ ಮೀಟರಿಗೆ 0.3 ಗ್ರಾಂ ಎಂದರೆ ಏನೇನೂ ಅಲ್ಲವೆಂದು ತೋರಬಹುದು. ಉದ್ದ, ಅಗಲ, ಎತ್ತರ ಹತ್ತು ಹತ್ತು ಮೀಟರಿರುವ ಸಭಾಂಗಣವನ್ನು ಇಂಥ ಮಂಜಿನಿಂದ ತುಂಬಿ, ಅದರ ನೀರನ್ನೆಲ್ಲ ಹಿಂಡಿದರೆ ಒಂದು ದೊಡ್ಡ ಲೋಟದಷ್ಟಾದೀತು. ಇಷ್ಟು ಅಲ್ಪ ನೀರು ನಮ್ಮನ್ನು ಕುರುಡರನ್ನಾಗಿ ಮಾಡುವುದು ಹೇಗೆ? 0.3 ಗ್ರಾಂ ನೀರನ್ನು ಒಂದೇ ಹನಿಯನ್ನಾಗಿ ಮಾಡಿದರೆ ಅದರ ವ್ಯಾಸ ಸುಮಾರು 8 ಮಿಲಿಮೀಟರು; ಬೆಳಕಿಗೆ ಅದು ಅಡ್ಡ ಹಿಡಿಯುವ ಮರೆ ಅರ್ಧ ಚದರ ಸೆಂಟಿಮೀಟರು. ಅದೇ ನೀರನ್ನು ಮಂಜಿನ ಹನಿಗಳಾಗಿ, ಎಂದರೆ ಮಿಲಿಮೀಟರಿನ ಸಾವಿರದಲ್ಲಿ 15 ಭಾಗದಷ್ಟು ವ್ಯಾಸದ ಹನಿಗಳಾಗಿ ಒಡೆದರೆ, ಹನಿಗಳ ಸಂಖ್ಯೆ ಹದಿನೇಳು ಕೋಟಿಯಾಗುತ್ತದೆ. ಅವುಗಳ ಒಟ್ಟು ಮರೆ ಸುಮಾರು 300 ಚದರ ಸೆಂಟಿಮೀಟರಿಗೆ, ಎಂದರೆ ಒಂದು ಪುಸ್ತಕದ ಪುಟದಷ್ಟಕ್ಕೆ, ಏರುತ್ತದೆ. ಮೀಟರಿಗೊಂದು ಪುಟದಂತೆ ಬೆಳಕಿನ ದಾರಿಯಲ್ಲಿ ಅಡ್ಡ ಬಂದರೆ ನೂರು ಮೀಟರಿನಾಚೆಯ ವಸ್ತು ಕಾಣುವುದೆಂತು? ವಾಚಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಗೋಳದ ಘನಫಲ ಮತ್ತು ವೃತ್ತದ ವಿಸ್ತೀರ್ಣದ ಸೂತ್ರಗಳೆರಡು ಸಾಕು.

ಇನ್ನು ದಡದ ನೀರು ಬೇಸಗೆಯಲ್ಲಿಯೂ ಅಷ್ಟು ತಣ್ಣಗಿರುವುದಕ್ಕೆ ಕಾರಣವೇನು? ಉತ್ತರದಿಂದ ದಕ್ಷಿಣಕ್ಕೆ ಹರಿಯುವ ಶೀತಪ್ರವಾಹವೊಂದು ಅಲ್ಲಿರುವುದು ನಿಜ. ಆದರೆ ಮುಖ್ಯ ಕಾರಣ ಅದಲ್ಲ; ಅದು ಕೊಂಚ ವಿಚಿತ್ರವಾದುದು. ನಾರ್ವೆಯ ಸಾಹಸಿ ನಾನ್ಸೆನ್ 1893ರಿಂದ 1896ರವರೆಗೆ ನಡೆದ ಯಾತ್ರೆಯಲ್ಲಿ ತನ್ನ ‘ಫ್ರಾಮ್’ ಹಡಗಿನಲ್ಲಿ ಉತ್ತರಧ್ರುವದ ಕಡಲಿನಲ್ಲಿ ತೇಲುತ್ತಿದ್ದಾಗ, ಹಿಮದ ಬಂಡೆಗಳು ಗಾಳಿ ಬೀಸಿದ ದಿಕ್ಕಿಗೆ ನೇರವಾಗಿ ಸಾಗದೆ ಅದರ ಬಲಕ್ಕೆ ಓರೆಯಾಗಿ ಸಾಗುವುದನ್ನು ಕಂಡನು. ಭೂಮಿಯ ಆವರ್ತನವೇ ಇದಕ್ಕೆ ಕಾರಣವೆಂದು ಅವನು ಊಹಿಸಿದನು. ಅದನ್ನು ಗಣಿತದಿಂದ ಸಾಧಿಸಿ ತೋರಿಸಿದವನು ಎಕ್‌ಮನ್ ಎಂಬ ಸ್ವೀಡನ್ ದೇಶದ ತರುಣ. ಉತ್ತರಾರ್ಧಗೋಳದಲ್ಲಿ ಗಾಳಿ ದೂಡಿದ ಮೇಲುಪದರದ ನೀರು, ಒಟ್ಟಿನಲ್ಲಿ ನೋಡಿದರೆ, ಗಾಳಿಯ ಬಲಗಡೆಗೆ ಸರಿಯುತ್ತದೆ. ಕ್ಯಾಲಿಫೋರ್ನಿಯದ ತೀರದಲ್ಲಿ ಬೇಸಗೆಯುದ್ದಕ್ಕೂ ವಾಯವ್ಯದಿಂದ ಗಾಳಿ ಬೀಸುತ್ತದೆ. ಅದರ ಬಲಗಡೆಯೆಂದರೆ ನಡುಗಡಲು. ಮೇಲಿನ ಬೆಚ್ಚಗಿನ ನೀರು ದಡವನ್ನು ಬಿಟ್ಟು ದೂರ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಬಿಸಿಲು ಎಷ್ಟು ಸುಟ್ಟರೂ ದಡದ ನೀರು ಹಲವೆಡೆ 10ರಿಂದ 13 ಡಿಗ್ರಿಯನ್ನು ಬಿಟ್ಟು ಮೇಲೇರದು. ನಮ್ಮ ಕಾರವಾರ, ಮಂಗಳೂರುಗಳ ಕಡಲು ಬೇಸಗೆಯಲ್ಲಿ 28-30 ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ಅದರ ಮೇಲೆ ಹಾಯ್ದ ಗಾಳಿ ತಣ್ಣಗಾಗುವ ಮಾತೇ ಇಲ್ಲವಾದುದರಿಂದ ಅಲ್ಲಿ ಇಂಥ ಮಂಜಿಲ್ಲ.

ಹುಟ್ಟಿದ ಮಂಜು ಮೇಲಕ್ಕೆ ಚದರಿಹೋಗದಂತೆ ಒಂದು ಮುಚ್ಚಳವೂ ಉಂಟು. ಶಾಂತಸಾಗರದ ಮೇಲೆ ಬೇಸಗೆಯಲ್ಲಿ ನೆಲೆಗೊಳ್ಳುವ ಅಧಿಕ ಒತ್ತಡದ ಪ್ರದೇಶದಲ್ಲಿ ಎತ್ತರದ ಗಾಳಿ ಮೆಲ್ಲನೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಅದುಮಲ್ಪಟ್ಟು ಬಿಸಿಯಾಗುತ್ತದೆ. ಹೀಗಾಗಿ ಕೆಲವು ನೂರು ಮೀಟರುಗಳ ಎತ್ತರದಲ್ಲಿ, ತಂಪುಗಾಳಿಯ ಮೇಲೆ ಬಿಸಿಗಾಳಿ ಕುಳಿತುಬಿಡುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ಚಳಿ ಹೆಚ್ಚಬೇಕು. ಇಲ್ಲಿ ಅದು ತಲೆಕೆಳಗು. ಭಾರವಾದ ತಂಪುಗಾಳಿ ಹಗುರವಾದ ಬಿಸಿಗಾಳಿಯನ್ನು ಭೇದಿಸಿ ಏರಲಾರದು. ಅದು ಹೋಗಬಹುದಾದ ದಾರಿ ಒಂದೇ, ಅಡ್ಡಲಾಗಿ. ಅತ್ತ ನಡುಕಣಿವೆಯಲ್ಲಿ ನೆಲ ಕಾದು ಗಾಳಿ ಮೇಲೇರಿ ಒತ್ತಡ ಕುಗ್ಗಿರುತ್ತದೆ. ಕರಾವಳಿಯ ಬೆಟ್ಟಸಾಲಿನಲ್ಲಿ ಗೋಲ್ಡನ್ ಗೇಟ್ ಒಂದು ದೊಡ್ಡ ಕಿಂಡಿ. ಆ ಕಿಂಡಿಯ ಮೂಲಕ ಮಂಜು ಒಳನುಗ್ಗುತ್ತದೆ. ಸ್ಯಾಕ್ರಮೆಂಟೊದ ಬೇಗೆಯೇ ಸ್ಯಾನ್‌ಫ್ರಾನ್ಸಿಸ್ಕೊದ ಚಳಿಗೆ ಕಾರಣವೆಂದು ಹೇಳಿದಾಗ ಮೊಮ್ಮಗನಿಗೆ ನಂಬಿಕೆ ಬರಲಿಲ್ಲ. ಅವನು ಕಂಬಳಿಯೊಳಗೆ ಮುದುಡಿಕೊಂಡು, ಇದು ತಾತನ ಕಟ್ಟುಕಥೆಯೆಂದು ತಂಗಿಗೆ ಹೇಳುತ್ತಿದ್ದನು.

ಈ ಮಂಜು ಚರಿತ್ರೆಯಲ್ಲಿಯೂ ತನ್ನ ಕೈವಾಡವನ್ನು ತೋರಿದೆ. 1542ರಲ್ಲಿ ಕಬ್ರಿಯೊ, 1579ರಲ್ಲಿ ಡ್ರೇಕ್ ಈ ತೀರದಲ್ಲಿ ಹಡಗು ನಡೆಸಿದರೂ ಒಳಗಿನ ವಿಶಾಲವಾದ ಕೊಲ್ಲಿ ಅವರ ಕಣ್ಣಿಗೆ ಬೀಳಲಿಲ್ಲ. ಕೊನೆಗೆ 1769ರಲ್ಲಿ ಅದನ್ನು ಕಂಡದ್ದು ನೆಲದ ಮೇಲೆ ನಡೆದು ಬಂದ ಸ್ಪೇನಿನ ದಂಡು! ಕಿಂಡಿ ಕಿರಿದು, ಮಂಜು ಬಹಳ. ನಾವು ಸಂದರ್ಶಿಸಿದ ಪಾಯಿಂಟ್ ರೇಯೆಸ್ ದೀಪಸ್ತಂಭ 1870ರಲ್ಲಿ ಬೆಳಗಿತು, 1975ರವರೆಗೆ ಸೇವೆಯಲ್ಲಿತ್ತು. ದೀಪವನ್ನು ಬೆಟ್ಟದ ನೆತ್ತಿಯಲ್ಲಿಡುವುದು ವಾಡಿಕೆ. ಇಲ್ಲಿ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಇಳಿದು ದೀಪವನ್ನು ತಲಪಬೇಕು. ಮಂಜು ಅನೇಕ ವೇಳೆ ನೀರನ್ನು ಮುಟ್ಟದೆ ಕೊಂಚ ಮೇಲೆ ತೇಲುವುದರಿಂದ, ನೆತ್ತಿಯ ದೀಪ ಮಂಜಿನಲ್ಲಿ ಮುಳುಗಿ ನಿರರ್ಥಕವಾಗುತ್ತಿತ್ತು. ಕಟ್ಟಿದವರು ಗಾಳಿಯ ಪದರಗಳನ್ನು ಅರಿತವರು.

ಅರಿವಿದ್ದರೂ ಆಪತ್ತು ತಪ್ಪದಿರುವುದುಂಟು. 1923ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕದ ನೌಕಾಪಡೆಯ ಹದಿನಾಲ್ಕು ವಿಧ್ವಂಸಕ ಹಡಗುಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಸ್ಯಾನ್‌ಡಿಯಾಗೊ ಕಡೆಗೆ 20 ನಾಟ್ ವೇಗದಿಂದ ಸಾಗುತ್ತಿದ್ದವು. ವೇಗ ಮತ್ತು ಕಾಲಗಳನ್ನು ಗುಣಿಸಿ ತಾವಿರುವ ಸ್ಥಾನವನ್ನು ಅಧಿಕಾರಿಗಳು ಲೆಕ್ಕ ಹಾಕಿದ್ದರು. ದಡದ ರೇಡಿಯೊ ಠಾಣ್ಯ ತಿಳಿಸಿದ ದಿಕ್ಕು ಈ ಲೆಕ್ಕಕ್ಕೆ ಹೊಂದಲಿಲ್ಲ. ಅವರು ಲೆಕ್ಕವನ್ನು ನಂಬಿ ರೇಡಿಯೊವನ್ನು ಶಂಕಿಸಿದರು. ಕಾಲುವೆಯ ಬಾಯಿ ಬಂದಿತೆಂದು ಪೂರ್ವಕ್ಕೆ ತಿರುಗಿ, ಮಂಜಿನೊಳಗೆ ಹೊಕ್ಕು, ಹೋಂಡ ಎಂಬ ಕೋಡುಗಲ್ಲಿಗೆ ಅಪ್ಪಳಿಸಿದರು. ಒಂದರ ಹಿಂದೊಂದು ಏಳು ಹಡಗುಗಳು ನಾಶವಾದವು. 23 ನಾವಿಕರು ಸತ್ತರು.

ಆ ಸಂಜೆ ನಮಗೂ ಸಣ್ಣ ಪ್ರಮಾಣದಲ್ಲಿ ಇಂಥದೇ ಪರೀಕ್ಷೆ ಒದಗಿತು. ರಷ್ಯನ್ ನದಿ ಕಡಲನ್ನು ಸೇರುವ ಜೆನರ್ ಎಂಬ ಹಳ್ಳಿಯನ್ನು ದಾಟಿದ ಮೇಲೆ ಒಂದನೆಯ ಹೆದ್ದಾರಿ ಕಡಿದಾದ ಬಂಡೆಗಳ ಪಕ್ಕದಲ್ಲಿ ಹಾವಿನಂತೆ ಸುತ್ತುತ್ತ ಏರುತ್ತದೆ. ಎಡಗಡೆ ನೇರ ಕಡಲು. ಎಷ್ಟೋ ಕಡೆ ತಡೆಗೋಡೆಯೂ ಇಲ್ಲ. ಹೊತ್ತು ಮುಳುಗುತ್ತಿತ್ತು. ಮಂಜು ದಟ್ಟವಾಗಿ, ರಸ್ತೆಯ ಹಳದಿ ಗೆರೆ ಮೂವತ್ತು ಮೀಟರಿನಾಚೆ ಅಳಿಸಿಹೋಗುತ್ತಿತ್ತು. ಕಾರು ನಡೆಸುತ್ತಿದ್ದ ಮಗಳಿಗೆ ನಾನು, ಬೆಳಕು ಸಾಲದೆಂದು ತಿಳಿದು, ದೊಡ್ಡ ದೀಪ ಹಾಕಲು ಹೇಳಿದೆನು. ಅವಳು ಹಾಕಿದಳು. ಎದುರಿಗೆ ಬಿಳಿಯ ಗೋಡೆಯೊಂದು ಎದ್ದು ನಿಂತಂತಾಗಿ, ಕಾಣುತ್ತಿದ್ದ ಗೆರೆಯೂ ಮಾಯವಾಯಿತು. ಕೋಟ್ಯಂತರ ಹನಿಗಳು ಆ ಬೆಳಕನ್ನು ಚದರಿಸಿ ಅದರ ಒಂದು ಪಾಲನ್ನು ನಮ್ಮ ಕಣ್ಣಿಗೇ ಹಿಂದಿರುಗಿಸಿದ್ದವು. ಮಂಜಿನಲ್ಲಿ ನೆಲದ ಕಡೆಗೆ ಬಾಗಿದ ತಗ್ಗಿನ ಬೆಳಕೇ ಲೇಸು. ಹಳದಿಯ ದೀಪ ಮಂಜನ್ನು ಹೆಚ್ಚು ಭೇದಿಸುತ್ತದೆಂಬ ನಂಬಿಕೆಯೊಂದಿದೆ. ಆಕಾಶವನ್ನು ನೀಲಿಯಾಗಿಸುವ ಚದರುವಿಕೆ ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾದ ಅಣುಗಳದ್ದು. ಮಂಜಿನ ಹನಿ ಆ ಅಲೆಯುದ್ದದ ಹತ್ತಾರು ಪಾಲು ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಸರಿಸುಮಾರು ಒಂದೇ ಸಮನಾಗಿ ಚದರಿಸುತ್ತದೆ. ಮಂಜು ಬೆಳ್ಳಗಿರುವುದೂ ಇದರಿಂದಲೇ.

ಎಷ್ಟು ವೇಗ ಸುರಕ್ಷಿತ? ಅಪಾಯ ಕಂಡು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಬೇಕೆನ್ನೋಣ. ಒದ್ದೆ ರಸ್ತೆಯಲ್ಲಿ ವೇಗವು ಸೆಕೆಂಡಿಗೆ 5 ಮೀಟರಿನಂತೆ ಕುಗ್ಗುತ್ತದೆನ್ನೋಣ. ಗಂಟೆಗೆ 72 ಕಿಲೋಮೀಟರು, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಬ್ರೇಕ್ ಒತ್ತುವ ಮುನ್ನವೇ 30 ಮೀಟರು ಕಳೆದಿರುತ್ತದೆ; ನಿಲ್ಲಲು ಇನ್ನೂ 40 ಮೀಟರು. ಗಂಟೆಗೆ 36 ಕಿಲೋಮೀಟರಾದರೆ 15 ಮತ್ತು 10, ಒಟ್ಟು 25 ಮೀಟರು. ಮೂವತ್ತು ಮೀಟರು ಕಾಣುವಲ್ಲಿ ಗಂಟೆಗೆ ನಲವತ್ತು ಕಿಲೋಮೀಟರನ್ನು ಮೀರಿದವನು ಕಣ್ಣು ಮುಚ್ಚಿ ನಡೆಸಿದಂತೆಯೇ ಸರಿ. ಆದರೆ ಮಂಜಿನಲ್ಲಿ ನಮ್ಮ ವೇಗವನ್ನು ನಾವು ಸರಿಯಾಗಿ ಅಂದಾಜು ಮಾಡಬಲ್ಲೆವೇ? 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗದ ಪ್ರಕಾರ, ಮಸುಕಿನಲ್ಲಿ ಚಲನೆ ನಿಧಾನವೆಂಬ ಭ್ರಮೆಯುಂಟಾಗಿ ಜನ ವೇಗವನ್ನು ಹೆಚ್ಚಿಸುತ್ತಾರೆ. 2012ರಲ್ಲಿ ಬೇರೆ ಸಂಶೋಧಕರು, ನಿಜವಾದ ಮಂಜಿನಲ್ಲಿರುವಂತೆ ದೂರ ಹೆಚ್ಚಿದಂತೆಲ್ಲ ಮಸುಕು ಹೆಚ್ಚುವ ಹಾಗೆ ಚಿತ್ರಗಳನ್ನು ರಚಿಸಿ ನೋಡಿದಾಗ, ಫಲ ಅದಕ್ಕೆ ವಿರುದ್ಧವಾಯಿತು. ನಾನಂತೂ ವೇಗಮಾಪಕದ ಮುಳ್ಳನ್ನು ನಂಬುವ ಪಕ್ಷದವನು. ಮಗಳು ಮೂವತ್ತೈದನ್ನು ದಾಟಲಿಲ್ಲ. ಹಿಂದೆ ಯಾರೋ ಅವಸರದವರು ಕೊಂಬು ಊದಿದರು. ರಸ್ತೆ ಅಗಲವಾದಲ್ಲಿ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟಳು.

ರಾತ್ರಿ ಸಾಲ್ಟ್ ಪಾಯಿಂಟ್ ಎಂಬ ಉದ್ಯಾನದಲ್ಲಿ ಬೀಡುಬಿಟ್ಟೆವು. ಅಲ್ಲಿ ಒಂದೊಂದು ಸಂಸಾರಕ್ಕೂ ಸಂಖ್ಯೆ ಹಾಕಿದ ಒಂದೊಂದು ಜಾಗ, ಒಂದು ಮೇಜು, ಬೆಂಕಿಗೆ ಒಂದು ಕಬ್ಬಿಣದ ಬಳೆ. ಕಟ್ಟಿಗೆ ತೇವದಿಂದ ಹೊಗೆಯಾಡಿತೇ ಹೊರತು ಉರಿಯಲಿಲ್ಲ. ಇದ್ದಿಲ ಒಲೆಯ ಮೇಲೆ ಅನ್ನ ಸಾರು ಮಾಡಿಕೊಂಡು ಡೇರೆಯನ್ನು ಹೊಕ್ಕೆವು. ಗಾಳಿ ತಡೆಯಲೆಂದು ನಾನು ಡೇರೆಯ ಕಿಂಡಿಗಳನ್ನೆಲ್ಲ ಮುಚ್ಚಿದೆನು. ನಡುರಾತ್ರಿ ಮೊಮ್ಮಗಳು ಎದ್ದು ಅತ್ತಳು. ಮಳೆ ಬಾರದಿದ್ದರೂ ಮೇಲಿನಿಂದ ಹನಿ ಬೀಳುತ್ತಿತ್ತು. ಒಬ್ಬ ಮನುಷ್ಯ ರಾತ್ರಿಯೊಂದರಲ್ಲಿ ಉಸಿರು ಬೆವರುಗಳ ಮೂಲಕ ಸುಮಾರು ಕಾಲು ಲೀಟರು ನೀರನ್ನು ಆವಿಯಾಗಿ ಬಿಡುತ್ತಾನೆ. ಐದು ಜನರ ಆವಿ ತಣ್ಣನೆಯ ಬಟ್ಟೆಗೆ ತಗಲಿ ನೀರಾಗಿತ್ತು. ಕಡಲಿನ ಮೇಲೆ ನಡೆಯುತ್ತಿದ್ದ ಕ್ರಿಯೆಯನ್ನೇ ನಾವು ಡೇರೆಯೊಳಗೆ ನಡೆಸಿದ್ದೆವು. ಕಿಂಡಿ ತೆರೆದರೆ ಚಳಿ ಬರುವುದೆಂದು ತೋರಿದರೂ, ತೆರೆಯುವುದೇ ಸರಿ. ಒದ್ದೆಯಾದ ಹಾಸಿಗೆಯ ಚಳಿ ಗಾಳಿಯ ಚಳಿಗಿಂತ ಕೆಟ್ಟದ್ದು.

ಮಗುವಿನ ಕೈಕಾಲು ತಣ್ಣಗಾಗಿದ್ದುದನ್ನು ಕಂಡು ನಾನು ಹೊರಗಿನ ಒಲೆಯಲ್ಲಿ ಇನ್ನೂ ಕೆಂಪಾಗಿದ್ದ ಕೆಂಡವನ್ನು ಒಳಗೆ ತರಹೊರಟೆನು. ನಮ್ಮ ಕಡೆ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದನ್ನು ಕಂಡು ಬೆಳೆದವನು ನಾನು. ಮಗಳು ಬಾಗಿಲಲ್ಲಿ ಕೈ ಅಡ್ಡ ಹಿಡಿದು, “ಅಪ್ಪ, ದಯವಿಟ್ಟು ಅದನ್ನು ಒಳಗೆ ತರಬೇಡಿ, ಬೆಳಿಗ್ಗೆ ಯಾರೂ ಏಳುವುದಿಲ್ಲ” ಎಂದಳು. ಅವಳ ಮಾತು ಅಕ್ಷರಶಃ ಸತ್ಯ. ಇದ್ದಿಲು ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲಾಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚಾಗಿ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ನಿದ್ರೆಯಲ್ಲಿದ್ದವನಿಗೆ ನಿದ್ರೆಯೇ ಮರಣವಾಗುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಹೆಂಚಿನ ಸಂದುಗಳ ಮೂಲಕ ಅದರ ಬಹುಪಾಲು ಹೊರಗೆ ಹೋಗುತ್ತಿತ್ತು. ಬಿಗಿಯಾದ ನೈಲಾನು ಬಟ್ಟೆಗೆ ಅಂಥ ಸಂದುಗಳಿಲ್ಲ. ಗಾರೆ ಛಾವಣಿಯ ಇಂದಿನ ಮನೆಗಳಿಗೂ ಇಲ್ಲ. ಐವತ್ತು ವರ್ಷ ವಿಜ್ಞಾನವನ್ನು ಓದಿದ ನನಗೆ ಆ ಚಳಿಯಲ್ಲಿ ಇದು ಹೊಳೆಯಲಿಲ್ಲವೆಂಬುದನ್ನು ಮರೆಮಾಚುವುದಿಲ್ಲ. ಮಗುವಿಗೆ ಒಣ ಬಟ್ಟೆ ಹಾಕಿ, ಬಿಸಿನೀರು ತುಂಬಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟೆವು. ಅರ್ಧ ಗಂಟೆಯಲ್ಲಿ ಮಗು ಬೆಚ್ಚಗಾಗಿ ಮಲಗಿತು.

ಮೂರನೆಯ ದಿನ ನಾವು ರೆಡ್‌ವುಡ್ ಮರಗಳ ಪ್ರೇರಿ ಕ್ರೀಕ್ ಅರಣ್ಯವನ್ನು ಸೇರಿದೆವು. ಭೂಮಿಯ ಮೇಲಿನ ಅತ್ಯಂತ ಎತ್ತರದ ಮರಗಳು ಇವು. 2006ರಲ್ಲಿ ಗುರುತಿಸಲ್ಪಟ್ಟ ‘ಹೈಪೀರಿಯನ್’ ಎಂಬ ಮರದ ಎತ್ತರ 115 ಮೀಟರಿಗೂ ಹೆಚ್ಚು. ಈ ಕರಾವಳಿಯಲ್ಲಿ ಬೇಸಗೆಯಲ್ಲಿ ಮಳೆಯೇ ಇಲ್ಲವೆನ್ನಬಹುದು. ಹಾಗಾದರೆ ಇಂಥ ದೈತ್ಯರು ಬಾಯಾರಿಕೆಯನ್ನು ನೀಗಿಸಿಕೊಳ್ಳುವುದು ಹೇಗೆ? ಮಂಜಿನ ಹನಿ ಅತಿ ಹಗುರ. ಸೆಕೆಂಡಿಗೆ ಒಂದು ಸೆಂಟಿಮೀಟರು ಸಹ ಬೀಳಲಾರದು. ಗಾಳಿಯಲ್ಲಿ ತೇಲುತ್ತ ಬಂದು ಸೂಜಿಯಂಥ ಎಲೆಗಳಿಗೆ ತಗಲಿ, ಒಂದರೊಡನೊಂದು ಕೂಡಿ ದೊಡ್ಡದಾಗಿ ತೊಟ್ಟಿಕ್ಕುತ್ತದೆ. ಕಡಲ ಮಂಜಿನ ನೀರಿನಲ್ಲಿ ಜಲಜನಕ ಆಮ್ಲಜನಕಗಳ ಭಾರವಾದ ಐಸೊಟೋಪುಗಳ ಅಂಶ ಚಳಿಗಾಲದ ಮಳೆಯ ನೀರಿನಲ್ಲಿರುವುದಕ್ಕಿಂತ ಹೆಚ್ಚು. ಈ ಗುರುತನ್ನು ಹಿಡಿದು ಟಾಡ್ ಡಾಸನ್ ಎಂಬ ಸಸ್ಯವಿಜ್ಞಾನಿ ಮರದೊಳಗಿನ ನೀರಿನ ಮೂಲವನ್ನು ಪತ್ತೆಹಚ್ಚಿದನು. 1998ರಲ್ಲಿ ಅವನು ಪ್ರಕಟಿಸಿದಂತೆ, ಅವನು ಪರೀಕ್ಷಿಸಿದ ಕಾಡಿಗೆ ವರ್ಷವಿಡೀ ದೊರೆಯುವ ನೀರಿನಲ್ಲಿ ಸರಾಸರಿ 34 ಪಾಲು, ನೂರಕ್ಕೆ, ಮರಗಳಿಂದ ತೊಟ್ಟಿಕ್ಕಿದ ಮಂಜಿನದು. ಎಲೆಗಳು ನೇರವಾಗಿಯೂ ಸ್ವಲ್ಪ ನೀರನ್ನು ಹೀರುತ್ತವೆಂದು ಆಮೇಲೆ ತಿಳಿದುಬಂದಿತು.

ಆದುದರಿಂದಲೇ 2010ರಲ್ಲಿ ಜಾನ್‌ಸ್ಟನ್ ಮತ್ತು ಡಾಸನ್ ಪ್ರಕಟಿಸಿದ ಲೆಕ್ಕ ಕಳವಳವನ್ನುಂಟುಮಾಡಿತು. ಹಳೆಯ ಹವಾಮಾನದ ದಾಖಲೆಗಳಿಂದ ಅವರು ಊಹಿಸಿದಂತೆ, 20ನೆಯ ಶತಮಾನದ ಆದಿಯಿಂದೀಚೆಗೆ ಈ ತೀರದ ಬೇಸಗೆಯ ಮಂಜು ಮೂರರಲ್ಲಿ ಒಂದು ಪಾಲು ಕುಗ್ಗಿದೆ. ಮುಂದೇನಾಗುವುದೆಂಬ ವಿಷಯದಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ನೆಲ ಹೆಚ್ಚು ಕಾದರೆ ಗಾಳಿ ಬಲವಾಗಿ, ತಣ್ಣೀರು ಹೆಚ್ಚು ಮೇಲೇರುವುದೆಂಬ ವಾದವನ್ನು 1990ರಲ್ಲಿ ಬಾಕನ್ ಎಂಬಾತನು ಮಂಡಿಸಿದನು. ಕಡಲೂ ಕಾಯುತ್ತಿರುವಾಗ ಆ ಲಾಭ ಉಳಿಯುವುದೇ ಎಂಬುದು ಎದುರಿನ ಪ್ರಶ್ನೆ.

ಆ ರಾತ್ರಿ ಮಕ್ಕಳಿಂದ ಒಂದು ಪ್ರಯೋಗವನ್ನು ಮಾಡಿಸಿದೆನು. ಒಂದೇ ಅಳತೆಯ ಎರಡು ಖಾಲಿ ತಗಡಿನ ಡಬ್ಬಿಗಳನ್ನು, ಒಂದನ್ನು ಬಯಲಿನಲ್ಲಿ, ಮತ್ತೊಂದನ್ನು ಕಡಲ ಕಡೆಗೆ ಮುಖ ಮಾಡಿದ ಮರದ ಕೊಂಬೆಯ ಕೆಳಗೆ ಇಟ್ಟೆವು. ಮಂಜು ಇರುಳೆಲ್ಲ ಮರಗಳ ನಡುವೆ ಹರಿಯಿತು. ಮುಂಜಾನೆ ನೋಡಿದರೆ ಬಯಲಿನ ಡಬ್ಬಿಯ ತಳ ಬರಿದೆ ಒದ್ದೆಯಾಗಿತ್ತು. ಮರದ ಕೆಳಗಿನದರಲ್ಲಿ ಕಾಲು ಅಂಗುಲದಷ್ಟು ನೀರು ನಿಂತಿತ್ತು. ಮೊಮ್ಮಗನು ಬೆರಳನ್ನು ಅದ್ದಿ ನಾಲಗೆಗೆ ತಗಲಿಸಿಕೊಂಡು, “ಕಡಲಿನಿಂದ ಬಂದದ್ದೆಂದಿರಿ, ಉಪ್ಪೇ ಇಲ್ಲವಲ್ಲ ತಾತ?” ಎಂದನು. ಕಡಲಿನ ನೀರು ಆವಿಯಾಗುವಾಗ ಉಪ್ಪನ್ನು ಹಿಂದೆಯೇ ಬಿಟ್ಟು ಬರುತ್ತದೆ. ಹನಿಯ ನಡುವಿನ ಕಣದಲ್ಲಿರುವ ಉಪ್ಪು ನಾಲಗೆಗೆ ಎಟುಕದಷ್ಟು ಅಲ್ಪ. ಇದನ್ನು ನಾನು ವಿವರಿಸುತ್ತಿದ್ದಂತೆಯೇ ಅವನು ಡಬ್ಬಿಯ ನೀರನ್ನು ಮರದ ಬುಡಕ್ಕೆ ಸುರಿದು, ತಿಂಡಿಗೆ ಓಡಿದನು.